ಸಾಕಿದವಳದ್ದು ಒಂದು ಸಾಲು

ಬೆಳುವಾಯಿ
೧೬-೫-೨೦೨೫, ಶುಕ್ರವಾರ

ಪ್ರೀತಿಯ ಸುಗಂಧಿ,

ನಿನ್ನ ಮಂಡಿನೋವು ಹೇಗುಂಟು? ಆಸ್ಪತ್ರೆಯ ವಾರ್ಡಿನಲ್ಲಿ ಇಡೀ ದಿನ ನಿಂತಿರುವವರಿಗೆ ಅದು ತಪ್ಪಿದ್ದಲ್ಲ, ಹೊತ್ತಿಗೆ ಸರಿಯಾಗಿ ಉಣ್ಣುವುದನ್ನಾದರೂ ಮರೆಯಬೇಡ. ನಿನ್ನ ಅಣ್ಣನಿಗೆ ಸಕ್ಕರೆ ಸ್ವಲ್ಪ ಇಳಿದಿದೆ, ಬಾಯಿಚಪಲ ಇಳಿದಿಲ್ಲ. ಗುರುವಾಯನಕೆರೆಯ ಮುನವ್ವರ್ ನಾಳೆ ಮಸ್ಕತ್ತಿಗೆ ಹೊರಟಿದ್ದಾನೆ. ಅವನ ಕೈಯಲ್ಲಿ ಕೋರಿರೊಟ್ಟಿ, ಮಿಡಿ ಉಪ್ಪಿನಕಾಯಿ ಮತ್ತು ಈ ಕಾಗದ ಕಳಿಸುತ್ತಿದ್ದೇನೆ. ಮೊಬೈಲಿನಲ್ಲಿ ಎಲ್ಲ ಹೇಳಲಾಗುವುದಿಲ್ಲ, ನಿನ್ನ ಮಗಳು ವಿಸ್ಮಿತಾ ಪಕ್ಕದಲ್ಲೇ ಇರುತ್ತಾಳೆ. ಅಂದ ಹಾಗೆ ಅವಳ ಪಾಸ್‌ಪೋರ್ಟ್ ಇನ್ನೂ ಬಂದಿಲ್ಲ. ನೀನು ಅಲ್ಲಿ ಅವಳಿಗೆ ನೋಡಿಟ್ಟ ಶಾಲೆಯ ಕೆಲಸಕ್ಕೆ ತಿಂಗಳ ಕೊನೆಯೊಳಗೆ ಅದರ ಪ್ರತಿ ಬೇಕೆಂದು ಗೊತ್ತುಂಟು. ಬಾರದಿದ್ದರೆ ನಾವೇನು ಮಾಡುವುದು.

ವಿಸ್ಮಿತಾಳ ಎಂ.ಎ. ಪ್ರಬಂಧ ಮುಗಿಯಿತು. ಮೂಡುಬಿದಿರೆಯಲ್ಲಿ ಬೈಂಡ್ ಮಾಡಿಸಿ ತಂದಿದ್ದಾಳೆ. ಸೆರೆ ಸಿಕ್ಕವರ ಕಥೆಗಳ ಬಗ್ಗೆಯಂತೆ. ಮುನ್ನೂರು ವರ್ಷಗಳ ಹಿಂದೆ ಇಂಗ್ಲಿಷರು ಅಮೆರಿಕಕ್ಕೆ ಹೋಗಿ ನೆಲ ಹಿಡಿದುಕೊಂಡಾಗ, ಅಲ್ಲಿನ ಮೂಲನಿವಾಸಿಗಳು ಯುದ್ಧದಲ್ಲಿ ಹೆಂಗಸರನ್ನೂ ಮಕ್ಕಳನ್ನೂ ಹಿಡಿದುಕೊಂಡು ಹೋಗುತ್ತಿದ್ದರಂತೆ. ತಿರುಗಿ ಬಂದವರು ತಮ್ಮ ಪಾಡನ್ನು ಬರೆದರು, ದೇವರು ಕಾಪಾಡಿದನೆಂದು ಊರವರು ಓದಿದರು. ನಾನು ಮಡಿಲಲ್ಲಿ ತಡ್ಪೆ-ಮೊರ ಇಟ್ಟುಕೊಂಡು ಬೀಡಿ ಕಟ್ಟುವಾಗ ಅವಳು ಎದುರು ಕುಳಿತು ಇದನ್ನೆಲ್ಲ ಕನ್ನಡದಲ್ಲಿ ಹೇಳುತ್ತಿದ್ದಳು. ಒಬ್ಬಳು ಪಾದ್ರಿಯ ಮಗಳು, ಏಳು ವರ್ಷಕ್ಕೆ ಸೆರೆ ಹೋದವಳು, ತಿರುಗಿ ಬರಲೇ ಇಲ್ಲವಂತೆ. ವರ್ಷಗಳ ಮೇಲೆ ಅಪ್ಪ ಹುಡುಕಿಕೊಂಡು ಹೋದರೆ ಅವಳಿಗೆ ಇಂಗ್ಲಿಷೇ ಮರೆತುಹೋಗಿತ್ತು. ಅಲ್ಲಿಯವನನ್ನೇ ಮದುವೆಯಾದಳು. ದೊಡ್ಡವಳಾದ ಮೇಲೆ ಒಮ್ಮೆ ಅಣ್ಣನನ್ನು ನೋಡಲು ಬಂದಳು, ಆದರೆ ಮನೆಯೊಳಗೆ ಉಳಿಯದೆ ಹಿತ್ತಲಲ್ಲಿ ಗುಡಾರ ಹಾಕಿಕೊಂಡಳಂತೆ.

ಕೇಳುತ್ತಾ ಕೇಳುತ್ತಾ ನನಗೆ ಹೊಟ್ಟೆಕಿಚ್ಚಾಯಿತು. ಯಾರ ಮೇಲೆ ಎಂದರೆ ನಗುತ್ತೀಯ, ಆ ಹುಡುಗಿಯನ್ನು ಸಾಕಿದ ಹೆಂಗಸಿನ ಮೇಲೆ. ಅವರಲ್ಲಿಯೂ ನಮ್ಮ ಹಾಗೆ ಕುಟುಂಬ ತಾಯಿಯ ಕಡೆಯಿಂದ. ಸತ್ತ ಮಗುವಿನ ಜಾಗಕ್ಕೆ ಹಿಡಿದು ತಂದ ಮಗುವನ್ನು ಕೂರಿಸಿದರೆ ಅದು ಆ ತಾಯಿಯ ಕುಟುಂಬಕ್ಕೇ ಸೇರಿತು, ಮತ್ತೆ ಯಾರೂ ಬೇರೆ ಎನ್ನುವ ಹಾಗಿಲ್ಲ. ನನ್ನ ಕೂಸು ನಲವತ್ತು ದಿನಕ್ಕೆ ಹೋಯಿತು. ಅದೇ ವರ್ಷ ಗಂಡ ಬಿಟ್ಟುಹೋದನೆಂದು ನೀನು ನಾಲ್ಕು ವರ್ಷದ ವಿಸ್ಮಿತಾಳನ್ನು ನನ್ನ ಸೊಂಟಕ್ಕೆ ಕೂರಿಸಿ ವಿಮಾನ ಹತ್ತಿದೆ. ಹತ್ತೊಂಬತ್ತು ವರ್ಷ ಸಾಕಿದ್ದೇನೆ. ಆದರೆ ನೀನು, ಅವಳು, ನಿನ್ನ ಅಣ್ಣ ಒಂದೇ ಕುಟುಂಬ. ಈ ಮನೆಯಲ್ಲಿ ಮದುವೆಯಾಗಿ ಬಂದ ಬೇರೆಯವಳು ನಾನೊಬ್ಬಳೇ. ಮೊನ್ನೆ ನಿಮ್ಮ ಕುಟುಂಬದ ತರವಾಡು ಮನೆಯಲ್ಲಿ ದೈವಕ್ಕೆ ತಂಬಿಲದ ಪೂಜೆಯಾದಾಗ ಗಂಧಪ್ರಸಾದಕ್ಕೆ ಮೊದಲು ಕುಟುಂಬದವರನ್ನು ಕರೆದರು. ನಿನ್ನ ಅಣ್ಣನೂ ಸೊಸೆ ವಿಸ್ಮಿತಾಳೂ ಮುಂದೆ ಹೋದರು. ನಾನು ಅವಳ ಬ್ಯಾಗು, ಮೊಬೈಲು ಹಿಡಿದುಕೊಂಡು ಕಂಬದ ಹತ್ತಿರ ನಿಂತಿದ್ದೆ.

ನಿನ್ನ ಮೇಲೂ ಹೊಟ್ಟೆಕಿಚ್ಚು ಇಲ್ಲವೆಂದಲ್ಲ. ಆದಿತ್ಯವಾರ ನಿನ್ನ ವಿಡಿಯೋ ಕಾಲ್ ಬರುವ ಮೊದಲು ಅವಳು ತಲೆ ಬಾಚುತ್ತಾಳೆ, ನನ್ನೆದುರು ಇಡೀ ವಾರ ಕೆದರಿದ ತಲೆ. ಅವಳಿಗೆ ಟೈಫಾಯ್ಡ್ ಬಂದಾಗ ಹನ್ನೊಂದು ದಿನ ಗಂಜಿ ಕುಡಿಸಿದ್ದು ನಾನು, ಕನವರಿಸಿದ್ದು ಅಮ್ಮನನ್ನು. ನೀನು ಕಳಿಸಿದ ಸೆಂಟಿನ ಬಾಟಲಿ ಮುಗಿದುಹೋಗುತ್ತದೆಂದು ಹಾಕಿಕೊಳ್ಳುವುದಿಲ್ಲ, ಮುಚ್ಚಳ ತೆಗೆದು ಮೂಸಿ ಒಳಗಿಡುತ್ತಾಳೆ. ಪ್ರಬಂಧದ ಮೊದಲ ಪುಟದಲ್ಲಿ ‘ಅಮ್ಮನಿಗೆ’ ಎಂದು ಹಾಕಿಸಿದ್ದಾಳೆ. ನನ್ನ ಹೆಸರು ಎಲ್ಲಿ ಎಂದು ಕೇಳಿದೆ. ಕೊನೆಯಲ್ಲಿ ಉಪಕಾರ ನೆನೆದ ಪುಟದಲ್ಲಿ ಉಂಟು, ನಿನ್ನ ಅಣ್ಣನಿಗೂ ಟೈಪ್ ಮಾಡಿಕೊಟ್ಟ ಸಬೀಹಾಳಿಗೂ ನಡುವೆ.

ಒಂದು ಮಾತು ಮಾತ್ರ ಅವಳು ಚೆನ್ನಾಗಿ ಹೇಳಿದಳು. “ಸೆರೆಯಿಂದ ಬಂದವರು ಬರೆದದ್ದುಂಟು, ಕಾದು ಕೂತವರು ಬರೆದದ್ದೂ ಉಂಟು. ಸಾಕಿದವಳದ್ದು ಒಂದು ಸಾಲೂ ಇಲ್ಲ ಮಾಮಿ.” ಏಳನೇ ಕ್ಲಾಸಿನ ಕನ್ನಡದಲ್ಲಿ ಇಷ್ಟು ಬರೆದದ್ದು ಅದಕ್ಕೇ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೋ. ನಿನ್ನ ಅಣ್ಣ ನಿನ್ನ ಯೋಗಕ್ಷೇಮ ಕೇಳಿದ್ದಾರೆಂದು ತಿಳಿ. ದೈವಗಳು ನಿನ್ನನ್ನು ಆ ದೂರದಲ್ಲಿಯೂ ನೋಡಿಕೊಳ್ಳಲಿ.

ಇಂತು ನಿನ್ನ ಅತ್ತಿಗೆ,
ಪೂವಮ್ಮ

ಮತ್ತೆ: ಬೇರೆ ಬರೆಯಲು ಹೊತ್ತಿಲ್ಲ, ಮುನವ್ವರ್ ಅಂಗಳದಲ್ಲಿ ಕಾಯುತ್ತಿದ್ದಾನೆ. ಮೇಲೆ ಬರೆದದ್ದರಲ್ಲಿ ಒಂದು ಸುಳ್ಳು. ಪಾಸ್‌ಪೋರ್ಟ್ ಬಂದು ಹದಿನೆಂಟು ದಿನವಾಯಿತು. ಅವಳ ಕೈಗೇ ಕೊಡಬೇಕೆಂದ ಪೋಸ್ಟಿನ ಡೊಂಬಯ್ಯನನ್ನು ಪುಸಲಾಯಿಸಿ ತೆಗೆದುಕೊಂಡು, ಬೀಡಿ ಎಲೆಯ ಗೋಣಿಯಡಿಯಲ್ಲಿ ಬಚ್ಚಿಟ್ಟವಳು ನಾನು. ಈಗಷ್ಟೇ ಅವನು ಬಂದಿದ್ದ, ಮಗು ಯಾವಾಗ ಹೊರಡುವುದು ಎಂದು ಕೇಳಿದ. ಅವಳಿಗೆ ಇನ್ನೂ ಗೊತ್ತಿಲ್ಲ, ಸುಮ್ಮನಿರು ಎಂದೆ. “ಗೊತ್ತಿಲ್ಲದೆ ಎಂತ ಪೂವಮ್ಮಕ್ಕ? ನಾನು ಕೊಟ್ಟ ಕೂಡ್ಲೇ ಅವಳ ಮೊಬೈಲಿಗೆ ಮೆಸೇಜು ಹೋಗ್ತದೆ” ಎಂದ.

ಹದಿನೆಂಟು ದಿನವೂ ಅವಳು ಕಾಲೇಜಿನಿಂದ ಬಂದು ಬ್ಯಾಗು ಇಟ್ಟು, “ಪೋಸ್ಟ್ ಬಂತಾ ಮಾಮಿ?” ಎಂದು ಕೇಳಿದ್ದಾಳೆ. ನಾನು ಇಲ್ಲ ಎಂದಿದ್ದೇನೆ. “ಆಯ್ತು, ನಾಳೆ ನೋಡುವ” ಎಂದು ನನ್ನ ಪಕ್ಕ ಕುಳಿತು ಬೀಡಿಗೆ ನೂಲು ಸುತ್ತಿದ್ದಾಳೆ.

ಗೋಣಿ ಎತ್ತಿ ಅದನ್ನು ಅವಳ ಪ್ರಬಂಧದ ಮೇಲೆ ಇಟ್ಟಿದ್ದೇನೆ. ಐದರ ಬಸ್ಸಿಗೆ ಬರುತ್ತಾಳೆ. ಇವತ್ತು ಕೇಳಿದರೆ ಬಂದಿದೆ ಎನ್ನುತ್ತೇನೆ. ಅವಳು ನಿನ್ನಲ್ಲಿಗೆ ಹೊರಟರೆ ತಡೆಯುವುದಿಲ್ಲ. ಹೊರಡದಿದ್ದರೆ, ಸುಗಂಧಿ, ಇನ್ನು ಸ್ವಲ್ಪ ದಿನ ಹೊಟ್ಟೆಕಿಚ್ಚು ನೀನು ಪಡು.