ಗುಂಡಿ ಡಬ್ಬದ ಡಿಸ್ಕು

೯ ಮಾರ್ಚ್, ಶನಿವಾರ ಮಧ್ಯಾಹ್ನ

ವೇಗದ ದೊರೆಗಳಿಗೆ ನಮಸ್ಕಾರಗಳು.

ನಿಮ್ಮ ಚೀಟಿ ತಲುಪಿತು. ಗಂಡ ಹೆಂಡತಿ ಬೇರೆಯಾಗಿ ಎರಡು ವರ್ಷವಾಯಿತು. ಮಗಳಿಗೆಂದು ಒಂದು ಅಕ್ಷರ ಬರೆಯದ ಕೈ ಈಗ ನಾಲ್ಕು ಸಾಲು ಬರೆದಿದೆ ಎಂದರೆ ಮನೆಗೆ ಬೆಂಕಿಯೇ ಬಿದ್ದಿರಬೇಕು ಅಂದುಕೊಂಡು ಬಿಡಿಸಿದೆ. "ಕಂಪ್ಯೂಟರಿನ ಒಂದು ಡಿಸ್ಕ್ ಸತ್ತಿದೆ. ಇನ್ನೊಂದು ಚೆನ್ನಾಗಿಯೇ ಇದೆ, ಆದರೂ ಏನೂ ತೆರೆಯುತ್ತಿಲ್ಲ. ಅಪ್ಪನ ರೆಕಾರ್ಡಿಂಗು ನಿನ್ನ ಹತ್ತಿರ ಇದೆಯಾ? ಅಪ್ಪನಿಗೆ ಹೇಳಬೇಡ." ಫೋನಿನಲ್ಲಾದರೆ ನಾನು ಮಾತು ಮುಗಿಸುವ ಮೊದಲೇ ನೀವು ಬಾಯಿ ಹಾಕುತ್ತೀರಿ. ಕಾಗದಕ್ಕೆ ಬಾಯಿ ಹಾಕಲು ಬರುವುದಿಲ್ಲ, ಅದಕ್ಕೇ ನಾನೂ ಕಾಗದದಲ್ಲೇ ಉತ್ತರ ಕೊಡುತ್ತಿದ್ದೇನೆ. ಪೂರ್ತಿ ಓದಿ.

"ಇನ್ನೊಂದು ಚೆನ್ನಾಗಿಯೇ ಇದೆ"ಯಂತೆ! ಜಟ್ಟಿ ನೆಲಕ್ಕೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲವಂತೆ. ಆ ಎರಡು ಡಿಸ್ಕ್ ತಂದ ದಿನ ಊಟದ ಮೇಜಿನ ಮುಂದೆ ನೀವು ಮಾಡಿದ ಭಾಷಣ ನನಗೆ ಬಾಯಿಪಾಠವಾಗಿದೆ. ಒಂದೊಂದು ಫೈಲನ್ನೂ ಪಟ್ಟಿ ಪಟ್ಟಿಯಾಗಿ ಸೀಳಿ, ಒಂದು ಪಟ್ಟಿ ಈ ಡಿಸ್ಕಿಗೆ, ಮುಂದಿನ ಪಟ್ಟಿ ಆ ಡಿಸ್ಕಿಗೆ. ಎರಡೂ ಒಟ್ಟಿಗೆ ಓದುವುದರಿಂದ ವೇಗ ದುಪ್ಪಟ್ಟು. ಇದಕ್ಕೆ ರೇಡ್ ಅಂತಾರೆ, ಅದರಲ್ಲೂ ಇದು ಸೊನ್ನೆ ನಂಬರಿನದು ಎಂದಿರಿ. "ಒಂದು ಕೆಟ್ರೆ?" ಎಂದು ನಾನು ಕೇಳಿದ್ದೇ ತಪ್ಪಾಯಿತು. "ನಿಂಗೆ ಗುಂಡಿ ಹೊಲಿಯೋದು ಗೊತ್ತು, ಅದನ್ನ ನೋಡ್ಕೋ" ಎಂದು ನಕ್ಕಿರಿ. ಆ ಗುಂಡಿ ಹೊಲಿಯುವವಳಿಗೇ ಗೊತ್ತಿತ್ತು ಸ್ವಾಮಿ. ಒಂದು ಅಂಗಿಯನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ ಎರಡು ಚೀಲಕ್ಕೆ ತುಂಬಿ, ಒಂದು ಚೀಲ ಕಳೆದುಕೊಂಡರೆ, ಇನ್ನೊಂದರಲ್ಲಿ ಉಳಿಯುವುದು ಅರ್ಧ ಅಂಗಿಯಲ್ಲ, ಚಿಂದಿ.

ಇನ್ನು ನಿಮ್ಮ ಭಾನುವಾರದ ಬ್ಯಾಕಪ್ಪು! ಬೆಳಿಗ್ಗೆ ಹತ್ತಾಯಿತೆಂದರೆ ಯಾರೂ ಆ ಕೋಣೆಗೆ ಕಾಲಿಡಬಾರದು, ಮಿಕ್ಸಿ ಹಾಕಬಾರದು, ಹೊಲಿಗೆ ಯಂತ್ರ ತುಳಿಯಬಾರದು. ಹಸಿರು ಗೆರೆ ತುದಿ ಮುಟ್ಟುವವರೆಗೆ ಒಂದು ಗಂಟೆ ಕಾಲ ಮೇಲೆ ಕಾಲು ಹಾಕಿ ಕೂತು, "ಆಯ್ತು, ಈಗ ಎಲ್ಲಾ ಡಬಲ್ ಇದೆ" ಎಂದು ಸಾರುತ್ತಿದ್ದಿರಿ. ನಕಲು ಹೋದದ್ದೆಲ್ಲಿಗೆ? 'ಭದ್ರ' ಎಂಬ ಫೋಲ್ಡರಿಗೆ. ಆ 'ಭದ್ರ' ಇದ್ದದ್ದೆಲ್ಲಿ? ಅದೇ ಎರಡು ಡಿಸ್ಕಿನ ಮೇಲೆ! ಕೀಲಿ ಕಳೆದರೆ ಇರಲಿ ಎಂದು ಇನ್ನೊಂದು ಕೀಲಿಯನ್ನು ಮನೆಯೊಳಗೇ ಇಟ್ಟು ಬೀಗ ಹಾಕಿಕೊಂಡು ಬಂದ ಬುದ್ಧಿವಂತರು ನೀವು. ಆಗಲೇ ಹೇಳಬಹುದಿತ್ತು. ಹೇಳಿದರೆ ಮತ್ತೆ ಗುಂಡಿಯ ಮಾತು ಬರುತ್ತಿತ್ತು, ಸುಮ್ಮನಿದ್ದೆ.

ನಿಮ್ಮ ಸಿನಿಮಾಗಳು ಹಾಳಾಗಿ ಹೋಗಲಿ. ಅಲ್ಲಿ ಮಾವನವರ ಧ್ವನಿ ಇತ್ತು. ಮೂವತ್ತು ವರ್ಷ ಬಸ್ ನಿಲ್ದಾಣದ ಮೈಕಿನಲ್ಲಿ ಊರೂರಿನ ಬಸ್ಸು ಕೂಗಿದ ಧ್ವನಿ. ಗಂಟಲಿನ ಆಪರೇಷನ್ನಿನ ನಂತರ ಮಾತು ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ, ಹೊರಗಿನ ಸದ್ದು ಬೀಳದಿರಲೆಂದು ತಲೆ ಮೇಲೆ ರಜಾಯಿ ಹೊದ್ದುಕೊಂಡು, ಹನ್ನೊಂದು ದಿನ ಕೂತು ಮೂವತ್ತೆಂಟು ರೆಕಾರ್ಡಿಂಗ್ ಮಾಡಿದರು. ಕಥೆ, ಮಗ್ಗಿ, ಗದರಿಕೆ, ಊಟಕ್ಕೆ ಕೂಗುವುದು, ಎಲ್ಲವೂ ಮೊಮ್ಮಗಳು ಗುಬ್ಬಿಗಾಗಿ. ಆಗ ಅವಳು ತೊಟ್ಟಿಲಲ್ಲಿದ್ದಳು. ಈಗ ಮಾತಿಲ್ಲದ ಅಜ್ಜನನ್ನೇ ನೋಡುತ್ತ ಬೆಳೆದಿದ್ದಾಳೆ. "ಅಜ್ಜ ಮಾತಾಡ್ತಿದ್ರಾ, ನಿಜವಾಗ್ಲೂ?" ಎಂದು ಕೇಳುತ್ತಾಳೆ. ಆರು ತುಂಬಿದ ದಿನ ಕೇಳಿಸಿ, ಅಲ್ಲಿಯವರೆಗೆ ಮುಟ್ಟಬೇಡಿ ಎಂದು ಮಾವನವರು ಸ್ಲೇಟಿನಲ್ಲಿ ಬರೆದು ನಮ್ಮಿಬ್ಬರಿಗೂ ತೋರಿಸಿದ್ದರು. ಆ ದಿನ ಬರುವ ಗುರುವಾರ.

"ಅಪ್ಪನಿಗೆ ಹೇಳಬೇಡ" ಅಂತೆ. ನಾನು ಗುಬ್ಬಿಯನ್ನೆತ್ತಿಕೊಂಡು ಹೊರಟ ಮಾರನೇ ವಾರವೇ ಮಗನನ್ನು ಬಿಟ್ಟು, ಚೀಲ ಹಿಡಿದು ಸೊಸೆಯ ಬಾಗಿಲಿಗೆ ಬಂದವರು ಅವರು. ನಿಮ್ಮ ಬಗ್ಗೆ ಅವರಿಗೆ ಹೊಸದಾಗಿ ಹೇಳಲು ಏನಿದೆ? ಆದರೂ ಹೇಳಬೇಕಾದವರು ನೀವೇ. ತಪ್ಪು ಮಾಡಿ ಹೆಂಡತಿಯ ಸೆರಗಿನ ಹಿಂದೆ ಅಡಗುವುದು ಹೇಡಿಗಳ ಕೆಲಸ. ನನಗೆ ಹೇಸಿಗೆಯಾಗುತ್ತದೆ.

ಈಗ ಕೇಳಿ. ನನ್ನ ಹತ್ತಿರ ಇದೆ. ಇಸ್ತ್ರಿ ಪೆಟ್ಟಿಗೆ ಒಮ್ಮೆ ನನ್ನ ಅಳತೆ ಪುಸ್ತಕವನ್ನು ಸುಟ್ಟಾಗಿನಿಂದ ಎಲ್ಲರ ಅಳತೆಯನ್ನೂ ಎರಡು ಕಡೆ ಬರೆದಿಡುತ್ತೇನೆ, ಅಂಗಡಿಯಲ್ಲೊಂದು, ಮನೆಯಲ್ಲೊಂದು. ಅದೇ ಬುದ್ಧಿಯಿಂದ, ನೀವು ಕ್ಷೌರಕ್ಕೆ ಹೋಗಿದ್ದಾಗ, ಒಂದು ಪುಟ್ಟ ಡಿಸ್ಕಿಗೆ ಮೂವತ್ತೆಂಟನ್ನೂ ಎಳೆದು ಹಾಕಿಕೊಂಡೆ. ನಿಮಗೆ ಒಂದು ಗಂಟೆ ಬೇಕಿತ್ತು, ನನಗೆ ಅರೆ ನಿಮಿಷ ಸಾಕಾಯಿತು. ನಿಮ್ಮ ಹಾಗೆ ಹಸಿರು ಗೆರೆಯನ್ನು ನಂಬಿ ಕೂರಲೂ ಇಲ್ಲ. ಒಂದೊಂದನ್ನೂ ಅಲ್ಲೇ ಒತ್ತಿ, ಕೇಳಿ, ಆಮೇಲೇ ಡಿಸ್ಕು ಕಿತ್ತೆ. ಅಂದಿನಿಂದ ಅದು ನನ್ನ ಗುಂಡಿ ಡಬ್ಬದಲ್ಲಿದೆ.

ಗುರುವಾರ ಸಂಜೆ ಐದಕ್ಕೆ ಬನ್ನಿ. ಮೊದಲು ಅಪ್ಪನ ಎದುರು ಕೂತು ನಡೆದದ್ದನ್ನು ನಿಮ್ಮ ಬಾಯಿಂದಲೇ ಹೇಳಿ, ಆಮೇಲೆ ಡಬ್ಬ ತೆಗೆಯುತ್ತೇನೆ. ಕರೆಂಟು ಸರಿಯಿರಲಿಲ್ಲ, ಡಿಸ್ಕು ಮಾರಿದವನು ಮೋಸಗಾರ ಎಂದು ಶುರು ಮಾಡಬೇಡಿ. ಕುಣಿಯಲಾರದವಳು ನೆಲ ಡೊಂಕು ಅಂದದ್ದನ್ನು ನಿಮ್ಮ ಜೊತೆ ಬಾಳಿ ಸಾಕಷ್ಟು ಕೇಳಿದ್ದೇನೆ. ಆ ಎರಡು ಡಿಸ್ಕನ್ನು ಗುಜರಿಗೆ ಹಾಕಿ ಬನ್ನಿ.

ಇತಿ,
ಬರೀ ಗುಂಡಿ ಹೊಲಿಯುವವಳು

ತಾ.ಕ.: ಲಕೋಟೆ ಅಂಟಿಸುವ ಮುಂಚೆ, ಗುರುವಾರಕ್ಕೆ ಎಲ್ಲ ಸಿದ್ಧವಿರಲಿ ಎಂದು ಮೇಲಿನ ಮನೆಯ ಮೇಷ್ಟ್ರ ಲ್ಯಾಪ್‌ಟಾಪಿಗೆ ಡಿಸ್ಕು ಸಿಕ್ಕಿಸಿದೆ. ಮೂವತ್ತೆಂಟು ಹೆಸರೂ ಇವೆ. ಒತ್ತಿದರೆ ಒಂದೂ ಮಾತಾಡುವುದಿಲ್ಲ. ಮೇಷ್ಟ್ರು ಕನ್ನಡಕ ಏರಿಸಿ ನೋಡಿ, "ಇವು ಬರೀ ಶಾರ್ಟ್‌ಕಟ್ಟು ಕಣಮ್ಮ. ಫೈಲು ಎಲ್ಲಿದೆ ಅಂತ ದಾರಿ ತೋರ್ಸೋ ಚೀಟಿ ಇದ್ದ ಹಾಗೆ. ಫೈಲು ಆ ಕಂಪ್ಯೂಟರಲ್ಲೇ ಉಳ್ಕೊಂಡಿದೆ" ಎಂದರು. ಪರದೆಯ ಮೇಲೆ ನೀವು ಜೋಡಿಸಿಟ್ಟಿದ್ದ ಗುರುತುಗಳನ್ನೇ ನಾನು ಎಳೆದುಕೊಂಡು ಬಂದಿದ್ದೆ. ಅಂದು ಒತ್ತಿ ಕೇಳಿದ ದನಿಯೆಲ್ಲ ಬಂದದ್ದು ನಿಮ್ಮ ಆ ಎರಡು ಡಿಸ್ಕಿನಿಂದಲೇ.

ಮೇಲೆ ಬರೆದದ್ದನ್ನೆಲ್ಲ ಹರಿದುಹಾಕೋಣ ಅನ್ನಿಸಿತು. ಹರಿಯಲಿಲ್ಲ. ಅದೇನೂ ಸುಳ್ಳಲ್ಲ, ನನ್ನನ್ನೂ ಸೇರಿಸಿಕೊಂಡು ಓದಿ. ಡಿಸ್ಕುಗಳನ್ನು ದಯವಿಟ್ಟು ಗುಜರಿಗೆ ಹಾಕಬೇಡಿ. ಸತ್ತ ಡಿಸ್ಕನ್ನೂ ಬಿಚ್ಚಿ ಓದಬಲ್ಲವರು ಇದ್ದಾರಂತೆ. ಸಿಕ್ಕರೆ ಸಿಕ್ಕಿತು, ಆದರೆ ಎರಡೂ ಬೇಕಂತೆ. ಮೇಷ್ಟ್ರ ಕೈಯಲ್ಲೇ ಈ ಕಾಗದ ಕಳಿಸುತ್ತಿದ್ದೇನೆ. ಗುರುವಾರದವರೆಗೆ ಕಾಯದೆ ನಾಳೆ ಬೆಳಿಗ್ಗೆಯೇ ಎರಡನ್ನೂ ಬಟ್ಟೆಯಲ್ಲಿ ಸುತ್ತಿಕೊಂಡು ಬನ್ನಿ. ನೇರ ನನ್ನ ಹೊಲಿಗೆ ಅಂಗಡಿಗೆ ಬನ್ನಿ, ಮನೆಗೆ ಬೇಡ. ಮಾವನವರು ಪಕ್ಕದ ಕೋಣೆಯಲ್ಲಿ ಸ್ಲೇಟಿನ ಮೇಲೆ "ಇನ್ನು ಐದೇ ದಿನ" ಎಂದು ಬರೆದು ಗುಬ್ಬಿಗೆ ತೋರಿಸುತ್ತಿದ್ದಾರೆ. ನಾನು ಅವರಿಗೆ ಹೇಳಿಲ್ಲ.