ಕೊನೆಯ ಸುತ್ತಿನಲ್ಲಿ ಕೂಗಿದ ಹೆಸರು

ಡಾಸನ್ ಬೆಂಡ್, ಅಯೋವಾ
ಮೇ 9, ಶುಕ್ರವಾರ

ಪ್ರೀತಿಯ ಎಲಾಡಿಯೊ,

ನೀನು ಫೋನ್ ಎತ್ತುತ್ತಿಲ್ಲ. ಎತ್ತದಿದ್ದದ್ದೇ ಒಳ್ಳೆಯದಾಯಿತು. ಎತ್ತಿದ್ದರೆ ನಾನು ಮಳೆ ಬಿಸಿಲಿನ ಮಾತಾಡಿ, ಊಟ ಸರಿಯಾಗಿ ಮಾಡುತ್ತಿದ್ದೀಯಾ ಎಂದು ಕೇಳಿ, ಹೇಳಬೇಕಾದದ್ದನ್ನು ನುಂಗಿಕೊಂಡುಬಿಡುತ್ತಿದ್ದೆ. ಕಾಗದ ಬರೆಯುತ್ತೇನೆ ಅಂದಾಗ ನಮ್ಮ ಯಜಮಾನರು ಲೈಲ್, "ಬರಿ. ಆದ್ರೆ ನೆಪ ಹೇಳೋಕೆ ಹೋಗ್ಬೇಡ" ಅಂದು ಟೊಮೆಟೊ ಸಸಿ ನೆಡಲು ಹಿತ್ತಿಲಿಗೆ ಹೋದರು.

ನಿನ್ನ ಅಮ್ಮ ತೀರಿಕೊಂಡ ವಿಷಯ ರೇಡಿಯೊದವರ ಬಾಯಿಗೆ ಹೇಗೆ ಬಿತ್ತು ಎಂದು ನೀನು ತಲೆ ಕೆಡಿಸಿಕೊಂಡಿರುತ್ತೀಯ. ನನ್ನಿಂದ ಬಿತ್ತು.

ಊರಿನ ಸಣ್ಣ ತಂಡಕ್ಕೆ ಆಡುತ್ತ ನಮ್ಮ ಮನೆಯ ಕೆಳಗಿನ ಕೋಣೆಯಲ್ಲಿ ಎರಡು ಬೇಸಿಗೆ ಇದ್ದೆ ನೀನು, ನನ್ನನ್ನು ನಿಮ್ಮ ಸ್ಪ್ಯಾನಿಷ್‌ನಲ್ಲಿ ದೋನ್ಯಾ, ಅಂದರೆ ಅಮ್ಮಾವ್ರೇ, ಎಂದು ಕರೆಯುತ್ತಿದ್ದೆ. ಆದರೆ ನಾನು ಆಡುವ ಒಂದು ಆಟದ ವಿಷಯ ನಿನ್ನ ಮುಂದೆ ಎಂದೂ ಎತ್ತಲಿಲ್ಲ. ಮೈದಾನದಲ್ಲಿ ಮೈ ಮುರಿದು ದುಡಿದು ಬಂದ ಹುಡುಗನಿಗೆ ಅದನ್ನು ಹೇಳಲು ನಾಚಿಕೆ. ಪ್ರತಿ ಮಾರ್ಚ್‌ನಲ್ಲಿ ನಾವು ಎಂಟು ಜನ ನನ್ನ ಮೈದುನ ಡ್ವೇನನ ಟ್ರ್ಯಾಕ್ಟರ್ ಶೆಡ್ಡಿನಲ್ಲಿ ಸೇರುತ್ತೇವೆ. ಸರದಿ ಬಂದಂತೆ ಒಬ್ಬೊಬ್ಬರೂ ಒಬ್ಬ ನಿಜವಾದ ಬೇಸ್‌ಬಾಲ್ ಆಟಗಾರನ ಹೆಸರು ಕೂಗಬೇಕು. ಹಾಗೆ ಹೆಸರು ಬಂದವನು ಕೂಗಿದವರ ಕಾಗದದ ತಂಡಕ್ಕೆ ಸೇರಿದ. ಆಮೇಲೆ ವರ್ಷವಿಡೀ ಅವನು ಮೈದಾನದಲ್ಲಿ ಎಷ್ಟು ಹೊಡೆದನೋ ಅಷ್ಟು ಅಂಕ ನಮಗೆ. ದುಡ್ಡಿಲ್ಲ. ಗೆದ್ದವರಿಗೆ ಒಂದು ಹಳೇ ಟ್ರ್ಯಾಕ್ಟರಿನ ಸ್ಟೀರಿಂಗ್ ಚಕ್ರ, ಮತ್ತು ವರ್ಷವಿಡೀ ಮಿಕ್ಕವರನ್ನು ಆಡಿಕೊಳ್ಳುವ ಹಕ್ಕು.

ದೊಡ್ಡ ಹೆಸರುಗಳನ್ನು ಯಾರು ಬೇಕಾದರೂ ಕೂಗುತ್ತಾರೆ. ಗೆಲುವು ಇರುವುದು ಮಿಕ್ಕವರು ಕಣ್ಣೆತ್ತಿಯೂ ನೋಡದ ಹೊಡೆತಗಾರನನ್ನು ಹುಡುಕುವುದರಲ್ಲಿ. ಅದರಲ್ಲಿ ನಾನು ಗಟ್ಟಿಗಿತ್ತಿ, ಎಲಾಡಿಯೊ. ಹೋದ ವರ್ಷ ಕೆಟ್ಟದಾಗಿ ಆಡಿದವರನ್ನೇ ಆರಿಸಿ ನೋಡುತ್ತೇನೆ. ಒಬ್ಬ ಗಟ್ಟಿಯಾಗಿಯೇ ಹೊಡೆದಿರುತ್ತಾನೆ, ಆದರೆ ಚೆಂಡು ನೆಟ್ಟಗೆ ಫೀಲ್ಡರನ ಕೈಗೇ ಹೋಗಿರುತ್ತದೆ. ಇನ್ನೊಬ್ಬ ಮಣಿಕಟ್ಟು ಉಳುಕಿದ್ದನ್ನು ಬಚ್ಚಿಟ್ಟು ಆಡಿರುತ್ತಾನೆ. ಅಂಕಿ ಬಿದ್ದದ್ದು ಎಲ್ಲರಿಗೂ ಕಾಣುತ್ತದೆ. ಯಾಕೆ ಬಿತ್ತು ಅನ್ನುವುದು ಗೊತ್ತಿದ್ದವರು ಗೆಲ್ಲುತ್ತಾರೆ.

ನಿನ್ನ ಅಂಕಿ ಯಾಕೆ ಬಿತ್ತು ಎಂದು ಇಡೀ ಅಮೆರಿಕದಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

ಹೋದ ಜುಲೈನ ಆ ಬೆಳಿಗ್ಗೆ ನನ್ನ ಕಣ್ಣಿನಿಂದ ಹೋಗುವುದಿಲ್ಲ. ಅಡುಗೆಮನೆಯ ಮೇಜಿನ ಮೇಲೆ ಸಿರಪ್ ಬಾಟಲಿಗೆ ಫೋನ್ ಒರಗಿಸಿಕೊಂಡು, ಆಟದ ಪ್ಯಾಂಟು ತೊಟ್ಟುಕೊಂಡೇ, ನಿನ್ನ ಅಮ್ಮನನ್ನು ಮಣ್ಣು ಮಾಡುವುದನ್ನು ನೋಡಿದೆ ನೀನು. ಹೊರಗೆ ತಂಡದ ಬಸ್ಸಿಗೆ ಹೊತ್ತಾಗುತ್ತಿತ್ತು. ರಜೆ ಕೇಳಲೇ ಇಲ್ಲ ನೀನು. ಹೋದರೆ ನಿನ್ನ ಜಾಗಕ್ಕೆ ಇನ್ನೊಬ್ಬ ಬಂದುಬಿಡುತ್ತಾನೆ ಎಂಬ ಭಯ. ನಿನ್ನ ಅಕ್ಕನಿಗೆ ಮಾತ್ರ ನೀನು, ತಂಡದವರು ಬಿಡಲಿಲ್ಲ ಎಂದು ಹೇಳಿದೆ. ಮುಖ ತೊಳೆದು ಬಂದು ನನ್ನ ಕೈ ಹಿಡಿದುಕೊಂಡು, "ಅಳೋನ ಕೈಗೆ ಯಾರೂ ಬ್ಯಾಟ್ ಕೊಡಲ್ಲ ದೋನ್ಯಾ. ಯಾರಿಗೂ ಹೇಳ್ಬೇಡಿ" ಅಂದೆ. ನಾನು ಹೇಳುವುದಿಲ್ಲ ಅಂದೆ. ಅಲ್ಲಿಂದ ಮುಂದೆ ನಿನಗೆ ನಿದ್ದೆ ಬರಲಿಲ್ಲ, ಚೆಂಡು ಕಾಣಲಿಲ್ಲ. ಊರಿನವರು "ಈ ಹುಡುಗನ ಕಥೆ ಮುಗೀತು" ಅಂದರು.

ಮಾರ್ಚ್‌ನಲ್ಲಿ ಶೆಡ್ಡಿನಲ್ಲಿ ಬೀನ್ಸ್ ಮಾಂಸದ ಚಿಲಿ, ದಾಲ್ಚಿನ್ನಿ ರೋಲು ಎಲ್ಲ ತಿಂದಾಗಿ ಕೊನೆಯ ಸುತ್ತು ಬಂತು. ನಾನು ನಿನ್ನ ಹೆಸರು ಕೂಗಿದೆ. ಎಲ್ಲರೂ ನಕ್ಕರು. "ಅತ್ತಿಗೇ, ಇದು ಅನಾಥಾಶ್ರಮ ಅಲ್ಲ! ನಿಮ್ಮ ಮನೇಲಿ ಪ್ಯಾನ್‌ಕೇಕ್ ತಿಂದ ಅಂತ ತಂಡಕ್ಕೆ ಸೇರಿಸ್ಕೊಳ್ಳೋದಾ?" ಅಂದ ಡ್ವೇನ್. ಸುಮ್ಮನಿರಬಹುದಿತ್ತು. ಆದರೆ ನಗುವವರ ಮುಂದೆ ಬುದ್ಧಿವಂತೆ ಅನಿಸಿಕೊಳ್ಳುವ ಚಪಲ. "ನಗಿ ನಗಿ. ಅವನಮ್ಮ ಸತ್ತಿದ್ದು ನಿಮಗ್ಯಾರಿಗಾದ್ರೂ ಗೊತ್ತಾ? ಮಣ್ಣಿಗೂ ಹೋಗ್ದೆ ಆಡ್ದ. ರಜೇನೇ ಕೇಳ್ಲಿಲ್ಲ. ಆ ಹುಡುಗನಿಗೆ ಕೈ ಕೆಟ್ಟಿಲ್ಲ, ಮನಸ್ಸು ಕೆಟ್ಟಿತ್ತು. ಈಗ ನೋಡ್ತಾ ಇರಿ" ಅಂದೆ.

ಡ್ವೇನ್ ಟೋಪಿ ತೆಗೆದು, "ಅಬ್ಬಾ, ಎಂಥಾ ಕಳ್ಳಿ ನೀವು!" ಅಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ನನಗೆ ಹಿತವಾಗಿತ್ತು. ಅದನ್ನೂ ಹೇಳಿಬಿಡುತ್ತೇನೆ.

ಏಪ್ರಿಲ್‌ನಲ್ಲಿ ದೊಡ್ಡ ತಂಡದಲ್ಲಿ ಒಬ್ಬನ ಕಣಕಾಲು ಮುರಿದು ನಿನ್ನನ್ನು ಕರೆಸಿಕೊಂಡರು. ನೀನು ಹೊಡೆಯತೊಡಗಿದೆ. ನಮ್ಮ ಎಂಟು ಜನರಲ್ಲಿ ಮರ್ವ್ ಎಂಬವನೊಬ್ಬ ಇದ್ದಾನೆ, ಸಂಜೆ ರೇಡಿಯೊದಲ್ಲಿ ಆಟದ ಹರಟೆ ಹೊಡೆಯುವವನು. ಅವನು ನಿನ್ನನ್ನು ಹೊಗಳಲೆಂದೇ ಆ ಕಥೆ ಹೇಳಿದ. ಅಮ್ಮ ಸತ್ತರೂ ರಜೆ ಕೇಳದೆ ಆಡಿದ ವೀರ ಎಂದ. ಅದನ್ನು ಹಿಡಿದುಕೊಂಡು ಯಾರೋ ಮೈಕು ಹಿಡಿದು ನಿನ್ನ ಮುಂದೆ ನಿಂತರು. ಟಿವಿಯಲ್ಲಿ ನಿನ್ನ ಮುಖ ನೋಡಿದೆ. ಮೈಕನ್ನು ಪಕ್ಕಕ್ಕೆ ಸರಿಸಿ ಎದ್ದು ಹೋದೆ ನೀನು. ನನ್ನ ಕೈಯಲ್ಲಿದ್ದ ತಟ್ಟೆಯನ್ನು ಎಲ್ಲಿಡಬೇಕೆಂದು ನನಗೆ ತಿಳಿಯಲಿಲ್ಲ.

ಅವತ್ತೇ ನಿನ್ನನ್ನು ನನ್ನ ತಂಡದಿಂದ ಬಿಟ್ಟುಬಿಟ್ಟೆ. ನನ್ನ ಕಾಫಿ ಆರುವ ಮೊದಲೇ ಡ್ವೇನ್ ನಿನ್ನನ್ನು ತನ್ನ ತಂಡಕ್ಕೆ ಎತ್ತಿಕೊಂಡ. ಪ್ರಾಯಶ್ಚಿತ್ತ ಅಂತ ನಾನು ಅಂದುಕೊಂಡದ್ದು ಅವನಿಗೆ ಲಾಭವಾಯಿತು.

ಈಗ ನಿನಗೆ ತಿಳಿಯಲೇಬೇಕಾದ ಸಂಗತಿ. ಮಂಗಳವಾರ ನಿನ್ನ ಅಕ್ಕ ಯಾನೆಲಿಸ್ ನನಗೆ ಫೋನ್ ಮಾಡಿದ್ದಳು. ಹೋಟೆಲಿನಲ್ಲಿ ಕೆಲಸ ಮಾಡಿ ಅವಳ ಇಂಗ್ಲಿಷ್ ನನ್ನದಕ್ಕಿಂತ ಚೊಕ್ಕಟ. ಸ್ವರದಲ್ಲಿ ಕೋಪವೇ ಇರಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾಯಿತು.

"ರಜೆ ಕೊಡ್ಲಿಲ್ಲ ಅಂದಿದ್ದ. ಅಮ್ಮ ಬಾಗ್ಲು ನೋಡ್ತಾನೇ ಹೋದ್ಲು. ಅವ್ನು ಕೇಳೇ ಇಲ್ಲ ಅಂತಿದಾರೆ ಈಗ. ನೀವು ಜೊತೇಲಿದ್ರಿ. ನಿಜ ಹೇಳಿ ದೋನ್ಯಾ, ಕೇಳಿದ್ನಾ ಇಲ್ವಾ?"

"ಕೇಳ್ಬೇಕು ಅಂತಿದ್ದ ಕಣಮ್ಮ. ಬೇಡ ಅಂದಿದ್ದು ನಾನು. ಹೋದ್ರೆ ನಿನ್ನ ಜಾಗ ಹೋಗತ್ತೆ, ನಿಮ್ಮಮ್ಮಂಗೂ ನೀನು ಆಡೋದೇ ಇಷ್ಟ ಅಂತ ನಾನೇ ತಡೆದೆ" ಅಂದೆ.

"ನೀವ್ಯಾರ್ರೀ ನಮ್ಮಮ್ಮಂಗೆ ಏನಿಷ್ಟ ಅಂತ ಹೇಳೋಕೆ?" ಅಂದು, ನಿಮ್ಮ ಭಾಷೆಯಲ್ಲಿ ಬೈದಳು. ನೀನು ಚೆಂಡು ತಪ್ಪಿದಾಗ ಬೈದುಕೊಳ್ಳುತ್ತಿದ್ದ ಮಾತುಗಳೇ, ಹಾಗಾಗಿ ಅರ್ಥವಾದವು. ಕೊನೆಗೆ, "ಅವ್ನಿಗೆ ಫೋನ್ ಮಾಡ್ತೀನಿ. ಇನ್ನೂ ಸಣ್ಣವನು, ಯಾರು ಹೇಳಿದ್ರೂ ಕೇಳ್ತಾನೆ" ಅಂದು ಇಟ್ಟಳು.

ಈ ಕಾಗದ ಸೇರುವ ಮೊದಲೇ ಅವಳು ಮಾತಾಡಿದ್ದರೆ ನೀನು ತಬ್ಬಿಬ್ಬಾಗಿರುತ್ತೀಯ. ಆ ಸುಳ್ಳನ್ನು ಇಟ್ಟುಕೊಳ್ಳುವುದಾದರೆ ಇಟ್ಟುಕೋ. ಅಕ್ಕನಿಗೆ ನಿಜವನ್ನೇ ಹೇಳುವುದಾದರೆ ಹೇಳು, ನಾನು ಸುಳ್ಳಿ ಅನಿಸಿಕೊಳ್ಳುವುದಕ್ಕೆ ಬೇಜಾರಿಲ್ಲ. ಆದರೆ ಈ ಸಲ ಆಯ್ಕೆ ನಿನ್ನದಾಗಿರಲಿ. ನಿನ್ನ ಮಾತನ್ನು ನಿನ್ನ ಬದಲು ಇನ್ನೊಬ್ಬರು ಆಡುವುದು ಸಾಕು.

ಮುಂದಿನ ಮಾರ್ಚ್‌ನಲ್ಲಿ ಶೆಡ್ಡಿಗೆ ಹೋಗುವುದಿಲ್ಲ ಎಂದು ಡ್ವೇನನಿಗೆ ಹೇಳಿದ್ದೇನೆ. "ಒಬ್ಬ ಹುಡುಗನ ಸುದ್ದಿಗೆ ಇಷ್ಟ್ಯಾಕೆ ಅತ್ತಿಗೆ?" ಅಂದ.

ಕ್ಷಮಿಸು ಎಂದು ಕೇಳುವ ಧೈರ್ಯವಿಲ್ಲ. ಚೆನ್ನಾಗಿ ತಿನ್ನು.

ನಿನ್ನ ಮನೆಯೊಡತಿಯಾಗಿದ್ದ,
ಮಾರ್ಲಿಸ್ ಹಾಯರ್

ಮರೆತಿದ್ದೆ: ಮರೆತದ್ದಲ್ಲ, ಬಿಟ್ಟಿದ್ದೆ. ಲಕೋಟೆ ಅಂಟಿಸಿ ಮತ್ತೆ ಬಿಡಿಸಿದ್ದೇನೆ. ಶೆಡ್ಡಿನಲ್ಲಿ ಬಾಯಿ ಜಾರಿತು ಎಂಬಂತೆ ಬರೆದೆನಲ್ಲ, ಅದು ಪೂರ್ತಿ ನಿಜವಲ್ಲ. ಫೆಬ್ರವರಿಯಲ್ಲಿ ನಾನಾಗಿ ನಿನಗೆ ಫೋನ್ ಮಾಡಿ, ನಿದ್ದೆ ಬರುತ್ತಿದೆಯಾ, ಅಮ್ಮನ ನೆನಪಿಗೆ ಇನ್ನೂ ಎದೆ ಹಿಡಿಯುತ್ತದಾ, ಚೆಂಡು ಮೊದಲಿನ ಹಾಗೆ ಕಾಣುತ್ತಿದೆಯಾ ಎಂದು ಒಂದೊಂದಾಗಿ ಕೇಳಿದೆನಲ್ಲ? "ಇದನ್ನೆಲ್ಲ ಕೇಳೋರು ನನಗೆ ನೀವೊಬ್ರೇ ದೋನ್ಯಾ" ಎಂದು ನೀನು ಅತ್ತೆ. ಆಗ ನನ್ನ ತೊಡೆಯ ಮೇಲೆ ಆಟಗಾರರ ಪುಸ್ತಕ ತೆರೆದಿತ್ತು. ನೀನು ಅಳುತ್ತಿರುವಾಗಲೇ ನಿನ್ನ ಹೆಸರಿಗೆ ಗುರುತು ಹಾಕಿದೆ.