ಬರುವಾಗ ಒಂದು ಬೆರಣಿ

ನವೆಂಬರ್ 3, ಮಧ್ಯಾಹ್ನ

ಲೈಬ್ರರಿಯ ಒಲೆಯ ಬೂದಿ ತೆಗೆದೆ, ಪುಸ್ತಕದ ಕಪಾಟು ಒರೆಸಿದೆ. ಹಳೆಯ ಕಾಲುಚೀಲಕ್ಕೆ ಎರಡು ಗುಂಡಿ ಹೊಲಿದೆ — ಕೈಗೆ ಹಾಕಿಕೊಂಡು ಆಡಿಸುವ ನರಿ ಆಯಿತು. ಇನ್ನೊಂದು ತೋಳವಾಗಬೇಕಿತ್ತು, ಯಾಕೋ ನಮ್ಮ ಯಜಮಾನರ ಮುಖ ಬಂದಿದೆ. ಇರಲಿ.

ಮೆದೆರ್ ಬಂದಿದ್ದ. ಊರಿನ ಮುಖ್ಯಸ್ಥನಾದ ಮೇಲೆ ಕೂತು ಮಾತಾಡುವುದನ್ನೇ ಬಿಟ್ಟಿದ್ದಾನೆ. ಎಜೆ, ಅಂದರೆ ಅಕ್ಕಾ, ಎನ್ನುವುದನ್ನು ಮಾತ್ರ ಬಿಟ್ಟಿಲ್ಲ. ನಿಂತೇ ಹೇಳಿದ, "ಸಾಲ್ಕಿನ್ ಎಜೆ, ಈ ಸಲ ಬಂದಿರೋ ಕಲ್ಲಿದ್ದಲು ಶಾಲೆಗೇ ಸಾಲಲ್ಲ. ತಿಂಗಳ ಕೊನೆಗೆ ಲೈಬ್ರರಿಗೆ ಬೀಗ ಹಾಕ್ಬಿಡೋಣ. ಮಾರ್ಚಲ್ಲಿ ತೆಗೆದ್ರಾಯ್ತು."

"ಮಕ್ಕಳು ಎಲ್ಲಿಗೆ ಹೋಗ್ಬೇಕಪ್ಪಾ?"

"ಯಾವ ಮಕ್ಳು? ಖಾಲಿ ಕುರ್ಚಿಗಳಿಗೆ ಚಳಿ ಆಗಲ್ಲ ಬಿಡಿ. ಜನ ಬಂದ್ರೆ ಹೇಳಿ, ನೋಡೋಣ."

ನೋಡೋಣ ಎಂದನಲ್ಲ, ಅಷ್ಟು ಸಾಕು. ಶನಿವಾರ ಲೈಬ್ರರಿಯಲ್ಲಿ ಊರಿನ ಮನೆಮಂದಿಗೆಲ್ಲ ಕಥೆ. ಖರ್ಚೇನು — ಕಾಲುಚೀಲ ನನ್ನದು, ಬಾಯಿ ನನ್ನದು. ನೋಟಿಸ್ ಬರೆದು ಅಂಗಡಿ ಬಾಗಿಲಿಗೆ ಅಂಟಿಸಿದೆ: ಎಲ್ಲರೂ ಬನ್ನಿ. ಎಲ್ಲ ಉಚಿತ. ಏನನ್ನೂ ತರಬೇಡಿ. ಇಲ್ಲದವರು ಹಿಂಜರಿಯದಿರಲೆಂದು ಕೊನೆಯ ಸಾಲಿಗೆ ಅಡಿಗೆರೆ ಬೇರೆ ಎಳೆದೆ.

ನವೆಂಬರ್ 8, ಸಂಜೆ

ಯಾರೂ ಬರಲಿಲ್ಲ. ನರಿಯನ್ನು ಕೈಗೆ ಹಾಕಿಕೊಂಡು ಕತ್ತಲಾಗುವವರೆಗೂ ಕೂತೆ. ನೆರೆಮನೆಯ ಕುಮುಶ್ಕಾನಳ ಸೊಸೆ ಜಿಬೆಕ್ ಮಗುವನ್ನೆತ್ತಿಕೊಂಡು ಗೇಟಿನ ತನಕ ಬಂದಳು, ನಿಂತಳು... ತಿರುಗಿ ಹೋದಳು. ಕೂಗಿದೆ. ಕೇಳಿಸಲಿಲ್ಲವೋ ಏನೋ.

ಅಕ್ಷರ ಸಣ್ಣದಾಯಿತೇನೋ. ನೋಟಿಸ್ ದೊಡ್ಡದಾಗಿ ಬರೆಯುತ್ತೇನೆ. ಕೆಂಪು ಶಾಯಿ.

ನವೆಂಬರ್ 15

ಕೆಂಪು ಶಾಯಿಗೂ ಬರಲಿಲ್ಲ.

ನವೆಂಬರ್ 17

ನಲ್ಲಿಯ ಹತ್ತಿರ ಕುಮುಶ್ಕಾನ್ ಸಿಕ್ಕಳು. ಬಿಂದಿಗೆ ತುಂಬುವವರೆಗೂ ಮುಖ ಆ ಕಡೆ. ನಾನೇ ಕೇಳಿದೆ, "ಮೊಮ್ಮಗನಿಗೆ ಹುಷಾರಿಲ್ವಾ? ಜಿಬೆಕ್ ಗೇಟಿಂದಲೇ ವಾಪಸ್ ಹೋದ್ಲು."

"ಹೋಗದೆ ಇನ್ನೇನ್ಮಾಡ್ತಾಳೆ? ನಾನೇ ಹೇಳಿ ಕಳ್ಸಿದ್ದೆ, ಯಾರಾದ್ರೂ ಏನಾದ್ರೂ ಹಿಡ್ಕೊಂಡು ಹೋಗ್ತಿದ್ರೆ ನೀನೂ ಹೋಗು, ಇಲ್ದಿದ್ರೆ ಬೇಡ ಅಂತ. ಬೆಚ್ಚಗೆ ಕೂರಿಸಿ ಕಥೆ ಹೇಳ್ತೀಯ, ಬರೋರು ಬರಿಗೈಲಿ ಬರ್ಬೇಕು! ಅದಕ್ಕೊಂದು ಗೆರೆ ಬೇರೆ. ನಮ್ಮನೇಲೇನು ರೊಟ್ಟಿಗೆ ಗತಿ ಇಲ್ವಾ? ಇನ್ನೊಂದ್ಸಲ ಇನ್ನೂ ದಪ್ಪಕ್ಕೆ ಬರ್ದೆ, ಅದೂ ಕೆಂಪಲ್ಲಿ!"

ನಗು ಬಂತು, ತಡೆದುಕೊಂಡೆ. ಅರವತ್ತು ದಾಟಿದವಳು ನಾನು, ಯಾರ ಹೊಸಿಲನ್ನೂ ಒಂದು ರೊಟ್ಟಿಯಾದರೂ ಇಲ್ಲದೆ ದಾಟಿದವಳಲ್ಲ. ಊರಿಗೆಲ್ಲ ಬರಿಗೈಯಲ್ಲಿ ಬನ್ನಿ ಎಂದೆನಲ್ಲ!

ಆದರೆ ರೊಟ್ಟಿ ತನ್ನಿ ಎಂದರೆ ಒಬ್ಬಳು ಜೇನು ತರುತ್ತಾಳೆ, ಇನ್ನೊಬ್ಬಳು ಕುರಿ ಕಡಿಸುತ್ತಾಳೆ. ಏನೂ ಇಲ್ಲದವಳು ಮನೆಯಲ್ಲೇ ಉಳಿಯುತ್ತಾಳೆ. ಎಲ್ಲರ ಮನೆಯಲ್ಲೂ ಇರುವುದು, ಯಾರಿಗೂ ಭಾರವಾಗದ್ದು ಏನು?

ಬಿಂದಿಗೆ ಹೊತ್ತು ಬರುವಾಗ ಕಂಡಿತು. ಒಂದೊಂದು ಮನೆಯ ಹಿಂದೆಯೂ ಗೋಡೆಯ ಹಾಗೆ ಪೇರಿಸಿಟ್ಟ ಬೆರಣಿ.

ಹಳೆಯ ನೋಟಿಸ್ ಕಿತ್ತೆ. ಹೊಸದು: ಕಥೆ ಕೇಳಲು ಬರುವ ಪ್ರತಿ ಮನೆಯವರೂ ಒಂದು ಬೆರಣಿ ತರತಕ್ಕದ್ದು.

ನವೆಂಬರ್ 22, ರಾತ್ರಿ ಊಟದ ನಂತರ

ಬಂದರು! ಕುರ್ಚಿ ಸಾಲದೆ ನೆಲಕ್ಕೆ ಕಂಬಳಿ ಹಾಸಿದೆ. ಕಲ್ಲಿದ್ದಲು ಮುಟ್ಟಲಿಲ್ಲ.

ಕುಮುಶ್ಕಾನ್ ತಂದಿದ್ದು ಬಾಗಿಲಲ್ಲಿ ತೂರದಷ್ಟು ದೊಡ್ಡದು. "ನಮ್ದನ್ನ ಮೊದ್ಲು ಹಾಕು ಕಣೇ. ಕುರಿ ದೊಡ್ಡೀದು. ಉಳಿದವ್ರದ್ದೆಲ್ಲ ಬರೀ ಹೊಗೆ."

ನರಿಯ ಕಥೆ ಅರ್ಧಕ್ಕೆ ಬಂದಿತ್ತು. ಕುಮುಶ್ಕಾನ್ ಎದ್ದು ಬಂದು ನನ್ನ ಕೈಯಿಂದ ಕಾಲುಚೀಲ ಕಿತ್ತುಕೊಂಡಳು. "ನರಿ ಎಲ್ಲಾದ್ರೂ ಹಂಗೆ ಮಾತಾಡುತ್ತಾ? ಕಳ್ಳ ಸ್ವರ ಬರ್ಬೇಕು. ಕೊಡಿಲ್ಲಿ." ಮಕ್ಕಳು ಬಿದ್ದು ಬಿದ್ದು ನಕ್ಕವು. ತೋಳವನ್ನು ನೋಡಿ, "ಇದು ನಿನ್ನ ಗಂಡ ಅಲ್ವೇನೇ?" ಎಂದಳು. ದೊಡ್ಡವರೂ ನಕ್ಕರು.

ಜಿಬೆಕ್ ಕಪಾಟಿನ ಹತ್ತಿರ ಹೋಗಿ ಒಂದು ಪುಸ್ತಕ ತೆಗೆದಳು. ಮಗು ಮಡಿಲಲ್ಲಿ ನಿದ್ದೆ. "ಮದ್ವೆ ಆದ್ಮೇಲೆ ಪುಸ್ತಕ ಮುಟ್ಟೇ ಇರ್ಲಿಲ್ಲ ಎಜೆ" ಎಂದಳು, ತಲೆ ಎತ್ತದೆ. ಓದಿಕೊಳ್ಳಲಿ.

ನವೆಂಬರ್ 29

ಮೆದೆರ್ ಬೀಗ ಹಿಡಿದೇ ಬಂದ. ಬಾಗಿಲಲ್ಲೇ ನಿಂತ — ಒಳಗೆ ಕಾಲಿಡಲು ಜಾಗವಿರಲಿಲ್ಲ.

"ಇಷ್ಟು ಬಿಸಿ! ಕಲ್ಲಿದ್ದಲು ಎಲ್ಲಿಂದ ಬಂತು?"

"ನಮ್ಮ ಕುರಿಗಳಿಂದ" ಎಂದಳು ಕುಮುಶ್ಕಾನ್. "ಬಾಗಿಲು ಹಾಕು, ಗಾಳಿ ಬರುತ್ತೆ. ನಿನ್ನ ಬೆರಣಿ ಎಲ್ಲಿ?"

ಊರ ಮುಖ್ಯಸ್ಥ ಮನೆಗೆ ಹೋಗಿ ಬೆರಣಿ ತಂದ! ಕೋಟಿನೊಳಗೆ ಬಚ್ಚಿಟ್ಟುಕೊಂಡು. ಆಮೇಲೆ ಕಂಬಳಿಯ ಮೇಲೆ ಕೂತ. ಕಥೆ ಮುಗಿಯುವವರೆಗೂ ಎದ್ದೇಳಲಿಲ್ಲ.

ಹೋಗುವಾಗ ಬೀಗ ಮರೆತ. ಅಥವಾ ಬಿಟ್ಟ. ಕೇಳಲು ಹೋಗಲಿಲ್ಲ. ಒಳ್ಳೆಯ ಭಾರವಿದೆ. ಅಂಟು ಹಚ್ಚಿದ ಹಳೆಯ ಪುಸ್ತಕಗಳ ಮೇಲೆ ಇಟ್ಟಿದ್ದೇನೆ.

ಡಿಸೆಂಬರ್ 2, ಮಂಗಳವಾರ

ಹೊಸ ಕಾಲುಚೀಲದ ಆಡಿಗೆ ಗಡ್ಡ ಹೊಲಿಯುತ್ತಿದ್ದೇನೆ. ಬರುವ ವಾರ ಕಥೆ ಹೇಳಲು ಅಜ್ಜಂದಿರ ಸರದಿ. ಒಪ್ಪಿಸಬೇಕು, ನಾಚುತ್ತಾರೆ... ಯಾರೋ ಲೈಬ್ರರಿಯ ಬಾಗಿಲು ತಟ್ಟಿದರು. ಶನಿವಾರವಲ್ಲವಲ್ಲ ಇವತ್ತು?

ಜಿಬೆಕ್. ಚಳಿಗೆ ಮೂಗೆಲ್ಲ ಕೆಂಪು. ಬೆನ್ನಿಗೆ ಮಗು, ಕೈಯಲ್ಲಿ ಎರಡು ಬೆರಣಿ.

"ಅತ್ತೆನೇ ಕಳ್ಸಿದ್ರು ಎಜೆ. ಆ ಪುಸ್ತಕದಲ್ಲಿ ಮುಂದೇನಾಯ್ತು ನೋಡ್ಕೊಂಡು ಬಾ ಅಂದ್ರು. ಒಂದು ಇವತ್ತಿಗೆ. ಇನ್ನೊಂದು ನಾಳೆಗೆ."

ಒಲೆ ಆರಿದೆ. ಎದ್ದು ಹಚ್ಚಬೇಕು, ಮಗು ಆಗಲೇ ನರಿಯ ಕಿವಿ ಹಿಡಿದು—